ಮನೆಯಲ್ಲಿ ಒಬ್ಬರೇ ದೊಡ್ಡವರು: ಮುಂಬೈಯಲ್ಲಿ ಮಗು ಬೆಳೆಸುವುದು ಹೇಗೆ?

"ಅಪ್ಪನೂ ನೀನೇ, ಅಮ್ಮನೂ ನೀನೇ" ಅಂತ ನೆಂಟರು ಬೆನ್ನು ತಟ್ಟುತ್ತಾರೆ. ಕೇಳಲು ಚೆಂದ. ಆದರೆ ಸಂಜೆ ಆರೂವರೆಗೆ ಘಾಟ್ಕೋಪರ್ ಹತ್ತಿರ ಲೋಕಲ್ ರೈಲು ನಿಂತುಬಿಟ್ಟಿದೆ, ಡೊಂಬಿವಲಿಯ ಪಾಳಣಾಘರ್, ಅಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳುವ ಮನೆ, ಏಳಕ್ಕೆ ಬಾಗಿಲು ಹಾಕುತ್ತದೆ. ಆಗ ಈ ಹೊಗಳಿಕೆಯಿಂದ ಏನು ಪ್ರಯೋಜನ? ಮಗುವನ್ನು ಕರೆದುಕೊಂಡು ಬರಲು ಇನ್ನೊಬ್ಬರು ಬೇಕು, ಅಷ್ಟೇ.

ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡವರು, ವಿಚ್ಛೇದನ ಆದವರು, ಮದುವೆಯಾಗದೆ ಮಗು ಸಾಕುತ್ತಿರುವವರು, ಎಲ್ಲರ ಕಥೆಯೂ ಬೇರೆ. ಈ ಊರಿನಲ್ಲಿ ಎಲ್ಲರಿಗೂ ಸಾಲದೆ ಬರುವುದು ಮಾತ್ರ ಒಂದೇ, ಸಮಯ. ನನ್ನ ಪ್ರಕಾರ ಇಬ್ಬರ ಕೆಲಸವನ್ನು ಒಬ್ಬರೇ ಹೊರುವ ಪ್ರಯತ್ನವನ್ನೇ ಬಿಟ್ಟುಬಿಡಬೇಕು. ಕೆಲಸವನ್ನು ಚೂರು ಚೂರು ಮಾಡಿ ಹತ್ತು ಜನರಿಗೆ ಹಂಚಬೇಕು. ಅದನ್ನು ಕಷ್ಟ ಬರುವ ಮುಂಚೆಯೇ ಮಾಡಿಟ್ಟುಕೊಳ್ಳಬೇಕು.

ಮೊದಲು ಮೂರು ಹೆಸರು ಬರೆಯಿರಿ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಲೋಕಲ್ ನಿಂತವು, ಫೋನ್ ಸತ್ತವು, ಎಷ್ಟೋ ಮಕ್ಕಳು ರಾತ್ರಿಯಿಡೀ ಶಾಲೆಯಲ್ಲೇ ಉಳಿದರು. ಅಷ್ಟು ದೊಡ್ಡ ಮಳೆಯೇ ಬೇಕಿಲ್ಲ. ಪ್ರತಿ ಜುಲೈನಲ್ಲೂ ಒಂದೆರಡು ದಿನ ಹಳಿ ಮೇಲೆ ನೀರು ನಿಲ್ಲುತ್ತದೆ, ಅಲ್ವಾ? ಆ ದಿನಕ್ಕಾಗಿ ಮೂವರು ಬೇಕು.

ಒಬ್ಬರು ನಿಮ್ಮ ಕಟ್ಟಡದಲ್ಲೇ ಇರುವವರು. ಇನ್ನೊಬ್ಬರು ಶಾಲೆಗೆ ನಡೆದು ಹೋಗುವಷ್ಟು ಹತ್ತಿರದವರು, ಮಗುವಿನ ಸಹಪಾಠಿಯ ತಾಯಿಯಾದರೆ ಒಳ್ಳೆಯದು. ಮೂರನೆಯವರು ರಾತ್ರಿ ಮಗುವನ್ನು ಮಲಗಿಸಿಕೊಳ್ಳಬಲ್ಲವರು. ಮೂವರೂ ರೈಲು ಹತ್ತದೆ ಮಗುವಿನ ಹತ್ತಿರ ತಲುಪುವಂತಿರಬೇಕು. ವಸಾಯಿಯಲ್ಲಿರುವ ಅಕ್ಕ ಎಷ್ಟೇ ಪ್ರೀತಿಯವಳಾದರೂ ಈ ಪಟ್ಟಿಗೆ ಆಗುವುದಿಲ್ಲ.

ಕೇಳುವಾಗ "ಸ್ವಲ್ಪ ನೋಡ್ಕೊಳ್ಳಿ" ಅನ್ನಬೇಡಿ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ, ಯಾರೂ ಬರುವುದಿಲ್ಲ. "ನಾನು ಏಳರೊಳಗೆ ಬರದಿದ್ದರೆ ಪಾಳಣಾಘರ್‌ನಿಂದ ಕರೆದುಕೊಂಡು ಬಂದು ನಿಮ್ಮ ಮನೆಯಲ್ಲಿ ಒಂದು ಗಂಟೆ ಕೂರಿಸ್ತೀರಾ?" ಅಂತ ಕೇಳಿ. ಇಲ್ಲ ಅನ್ನಲೂ ಅವರಿಗೆ ಅವಕಾಶ ಇರಲಿ. ಹೂಂ ಅಂದವರ ಹೆಸರು, ಫೋಟೋ, ನಂಬರ್ ಶಾಲೆಗೆ ಬರೆದು ಕೊಡಿ. ಪಟ್ಟಿಯಲ್ಲಿ ಇಲ್ಲದವರ ಜೊತೆ ಮಗುವನ್ನು ಕಳಿಸಬೇಡಿ ಅಂತಲೂ ಅದರಲ್ಲೇ ಬರೆಯಿರಿ.

ಮಾಟುಂಗದ ಒಂದು ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳುವ ಕುಂದಾಪುರ ಕಡೆಯವರೊಬ್ಬರು ನನಗೆ ಪರಿಚಯ. ಹೆಂಡತಿ ಹೋದಾಗ ಮಗಳು ಇನ್ನೂ ಯುಕೆಜಿ. ರಾತ್ರಿ ಪಾಳಿ ಬಿಟ್ಟು ಬೆಳಗಿನ ಪಾಳಿ ಕೊಡಿ ಅಂತ ಮಾಲೀಕರನ್ನು ಕೇಳಿಕೊಂಡರು. ಈಗ ಮೂರೂವರೆಗೆ ಮನೆಯಲ್ಲಿರುತ್ತಾರೆ. ಆದರೆ ಬೆಳಿಗ್ಗೆ? ಎದುರು ಮನೆಯ ಮರಾಠಿ ಆಜಿ ಬರುತ್ತಾರೆ. ಮಗುವಿಗೆ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ರಿಕ್ಷಾ ಹತ್ತಿಸುತ್ತಾರೆ. ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದಾರೆ: ರಿಕ್ಷಾದವನ ನಂಬರ್, ಡಾಕ್ಟರ ನಂಬರ್, ಜ್ವರಕ್ಕೆ ಎಷ್ಟು ಸಿರಪ್, ಕಡಲೆಕಾಯಿ ಕೊಡಬೇಡಿ. ಎಲ್ಲ ಮರಾಠಿಯಲ್ಲಿ, ಆಜಿಗೆ ಓದಲು ಬರಬೇಕಲ್ಲ. ಬದಲಿಗೆ ಇವರು ಆಜಿಯ ಗಂಡನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಭಾನುವಾರ ಹೋಟೆಲಿನಿಂದ ಇಡ್ಲಿ ಸಾಂಬಾರ್ ತರುತ್ತಾರೆ. ಋಣದ ಭಾರ ಯಾರ ತಲೆ ಮೇಲೂ ಇಲ್ಲ. ಅದಕ್ಕೇ ಈ ಏರ್ಪಾಡು ಇಷ್ಟು ವರ್ಷ ನಡೆದಿದೆ.

ಪಾಳಣಾಘರ್, ಆಫೀಸು, ಅಡುಗೆ

ಪಾಳಣಾಘರ್ ನೋಡಲು ಹೇಳಿ ಹೋಗುವುದರ ಜೊತೆಗೆ ಒಮ್ಮೆ ಹೇಳದೆಯೂ ಹೋಗಿ, ಮಧ್ಯಾಹ್ನ ಮೂರರ ಹೊತ್ತಿಗೆ. ಟಿವಿ ಮುಂದೆ ಮಕ್ಕಳನ್ನು ಸಾಲಾಗಿ ಕೂರಿಸಿದ್ದಾರಾ ಅನ್ನುವುದು ಆಗ ಗೊತ್ತಾಗುತ್ತದೆ. ತಡವಾದರೆ ಎಷ್ಟು ದುಡ್ಡು, ಮಗುವಿಗೆ ಜ್ವರ ಬಂದರೆ ಇಟ್ಟುಕೊಳ್ಳುತ್ತಾರಾ, ದೀಪಾವಳಿ ರಜೆ ಎಷ್ಟು ದಿನ, ಈ ಮೂರನ್ನು ಮೊದಲೇ ಕೇಳಿ.

50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅಂತ 2017ರಿಂದ ಕಾನೂನಿದೆ. ಎಷ್ಟೋ ಆಫೀಸುಗಳಲ್ಲಿ ಯಾರೂ ಕೇಳುವುದಿಲ್ಲ, ಅವರೂ ಕೊಡುವುದಿಲ್ಲ. ಎಚ್‌ಆರ್‌ಗೆ ಒಂದು ಇಮೇಲ್ ಹಾಕಿ, ಬಾಯಿಮಾತು ಬೇಡ. ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರಿಗೆ ಇಡೀ ಸೇವಾವಧಿಯಲ್ಲಿ 730 ದಿನ ಮಕ್ಕಳ ಆರೈಕೆ ರಜೆ ಇದೆ. 2018ರಿಂದ ಒಬ್ಬರೇ ಮಗು ಸಾಕುವ ಗಂಡಸರಿಗೂ ಅದು ಸಿಗುತ್ತದೆ.

ಅಡುಗೆ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ಸ್ಟೇಷನ್ ಹೊರಗೆ ಪೋಳಿ-ಭಾಜಿ ಕೇಂದ್ರ ಇರುವುದೇ ನಮ್ಮಂಥವರಿಗಾಗಿ. ವಾರಕ್ಕೆ ಎರಡು ದಿನ ಅಲ್ಲಿಂದ ಚಪಾತಿ ತಂದರೆ ಮಗು ಏನೂ ಬಡವಾಗುವುದಿಲ್ಲ. ಉಳಿದ ಅರ್ಧ ಗಂಟೆ ಅದರ ಪಕ್ಕ ಕೂತು ಶಾಲೆಯ ಕಥೆ ಕೇಳಿ.

ಕಾಗದಪತ್ರ: ಒಂದು ಫೈಲು, ಈ ತಿಂಗಳೇ

ಜನ ಮುಂದೂಡುವುದು ಇದನ್ನೇ. ಆಮೇಲೆ ಅಳುವುದೂ ಇದಕ್ಕೇ. ಒಂದು ಫೈಲಿನಲ್ಲಿ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡ್, ಸಂಗಾತಿಯ ಮರಣ ಪ್ರಮಾಣಪತ್ರ ಅಥವಾ ಕೋರ್ಟಿನ ಆದೇಶದ ದೃಢೀಕೃತ ಪ್ರತಿ ಇಡಿ. ಎಲ್ಲದರ ಫೋಟೋ ಫೋನಿನಲ್ಲೂ ಇರಲಿ.

"ಅಪ್ಪನ ಸಹಿ ಎಲ್ಲಿ?" ಅಂತ ಕೇಳುವ ಗುಮಾಸ್ತರು ಇನ್ನೂ ಇದ್ದಾರೆ. ಅವರ ಮುಂದೆ ದನಿ ಏರಿಸುವ ಬದಲು ನಿಯಮ ಹೇಳಿ. ತಂದೆ ಬದುಕಿದ್ದರೂ ಮಗುವಿನ ಜವಾಬ್ದಾರಿ ಹೊರದಿದ್ದಾಗ ತಾಯಿಯೇ ಸಹಜ ಪೋಷಕಿ, ಅಂದರೆ ಕಾನೂನಿನ ಕಣ್ಣಿನಲ್ಲಿ ಮಗುವಿನ ಹೊಣೆ ಹೊತ್ತವಳು, ಆಗಬಹುದು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಪೋಷಕತ್ವ ಕೇಳಬಹುದು ಎಂದು 2015ರಲ್ಲಿ ಹೇಳಿತು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಕೊಟ್ಟರೂ ಸಾಕು ಅನ್ನುವ ನಿಯಮ 2016ರ ಡಿಸೆಂಬರ್‌ನಲ್ಲಿ ಬಂತು. ಇನ್ನೊಬ್ಬರು ಒಪ್ಪಿಗೆ ಕೊಡದಿದ್ದರೆ ಅನೆಕ್ಸರ್ ಸಿ ಅನ್ನುವ ಘೋಷಣೆಯ ಫಾರ್ಮ್ ತುಂಬಬೇಕು. ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಯಲ್ಲಿ ಮಗುವಿನ ಹೆಸರಿನ ಪಕ್ಕದಲ್ಲೇ ತಾಯಿಯ ಹೆಸರು ಇರಬೇಕು.

ಜೀವನಾಂಶ ಬೇಕಿದ್ದರೆ ಅರ್ಜಿಯನ್ನು ತಡ ಮಾಡಬೇಡಿ. ಅರ್ಜಿ ಹಾಕಿದ ದಿನದಿಂದಲೇ ಹಣ ಲೆಕ್ಕ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. "ಮಾತಾಡಿ ಸರಿ ಮಾಡ್ಕೊಳ್ಳೋಣ" ಅಂತ ಹಿರಿಯರು ಎಳೆದಾಡಿದ ತಿಂಗಳುಗಳು ಅದರಲ್ಲಿ ಸೇರುವುದಿಲ್ಲ. ಮುಂಬೈ ಕೌಟುಂಬಿಕ ನ್ಯಾಯಾಲಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿದೆ. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. 1987ರ ಕಾನೂನಿನ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಗಂಡಸರಿಗೆ ಸಾಮಾನ್ಯವಾಗಿ ಆದಾಯದ ಮಿತಿ ನೋಡುತ್ತಾರೆ.

ದುಡ್ಡು, ಮತ್ತು ನಾಳೆ ನೀವಿಲ್ಲದಿದ್ದರೆ

ಮಹಾರಾಷ್ಟ್ರ ಸರ್ಕಾರದ ಬಾಲ ಸಂಗೋಪನ ಯೋಜನೆ ಮುಂಬೈಯ ಕನ್ನಡದವರಾದ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ತಂದೆ ಅಥವಾ ತಾಯಿ ಒಬ್ಬರೇ ಇದ್ದು, ಮನೆ ನಡೆಸುವುದೇ ಕಷ್ಟವಾಗಿರುವ ಮಕ್ಕಳಿಗೆ 18 ವರ್ಷದವರೆಗೆ ತಿಂಗಳಿಗೆ 2,250 ರೂಪಾಯಿ ಸಿಗುತ್ತದೆ. ಜಿಲ್ಲಾ ಮಹಿಳಾ ಮತ್ತು ಬಾಲ ವಿಕಾಸ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ನಿರ್ಗತಿಕ ವಿಧವೆಯರಿಗೆ, ವಿಚ್ಛೇದಿತರಿಗೆ ಸಂಜಯ್ ಗಾಂಧಿ ನಿರಾಧಾರ ಯೋಜನೆಯೂ ಇದೆ. ಆದರೆ ಅದಕ್ಕೆ ಕುಟುಂಬದ ವಾರ್ಷಿಕ ಆದಾಯ 21,000 ರೂಪಾಯಿ ದಾಟಬಾರದು. ಸಂಬಳದವರು ಅದರ ಹಿಂದೆ ಓಡಿ ರಜೆ ಹಾಳು ಮಾಡಿಕೊಳ್ಳುವುದು ಬೇಡ.

ಉಳಿದಂತೆ ಕ್ರಮ ಹೀಗಿರಲಿ. ಮೊದಲು ಮೂರು ತಿಂಗಳ ಬಾಡಿಗೆ ಮತ್ತು ಫೀಸಿನಷ್ಟು ಹಣ ಕೂಡಲೇ ಕೈಗೆ ಸಿಗುವ ಖಾತೆಯಲ್ಲಿ. ಆಮೇಲೆ ಆರೋಗ್ಯ ವಿಮೆ, ನೀವು ತೀರಿಹೋದರೆ ಮನೆಯವರಿಗೆ ಹಣ ಕೊಡುವ ಟರ್ಮ್ ವಿಮೆ. ಚಿನ್ನ ಆಮೇಲೆ ನೋಡಿಕೊಳ್ಳೋಣ. ನಾಮಿನಿ ಅಂತ ಮಗುವಿನ ಹೆಸರು ಹಾಕಿದರೆ, 18 ತುಂಬುವವರೆಗೆ ಆ ಹಣ ಪಡೆಯುವ ದೊಡ್ಡವರ ಹೆಸರನ್ನೂ ವಿಮೆ ಫಾರ್ಮಿನಲ್ಲಿ ಬರೆಯಬೇಕು.

ಕೊನೆಗೆ ವಿಲ್. ಅಪಶಕುನ ಅಂತ ಎದ್ದು ಹೋಗಬೇಡಿ. ನಾಳೆ ನಿಮಗೆ ಏನಾದರೂ ಆದರೆ ಮಗು ಯಾರ ಮನೆಯಲ್ಲಿ ಬೆಳೆಯಬೇಕು ಅಂತ ವಿಲ್‌ನಲ್ಲಿ ಬರೆಯಬಹುದು. ಹಿಂದೂಗಳಿಗೆ 1956ರ ಪೋಷಕತ್ವ ಕಾನೂನಿನಲ್ಲೇ ಅದಕ್ಕೆ ಅವಕಾಶ ಇದೆ. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಇನ್ನೊಬ್ಬ ಪೋಷಕರು ಬದುಕಿದ್ದರೆ ಅವರ ಹಕ್ಕಿನ ಪ್ರಶ್ನೆ ಬರುತ್ತದೆ, ಆಗ ವಕೀಲರನ್ನು ಕೇಳಿಯೇ ಬರೆಯಿರಿ. ಯಾರ ಹೆಸರು ಹಾಕುತ್ತೀರೋ ಅವರನ್ನು ಮೊದಲು ಕೇಳಿ. ಊರಿನ ಅಣ್ಣನಿಗೆ ವಿಲ್ ಓದುವ ದಿನ ಗೊತ್ತಾಗುವಂತೆ ಮಾಡಬಾರದು.

ಮಗುವಿಗೆ ಏನು ಹೇಳುವುದು?

ನಿಜ, ವಯಸ್ಸಿಗೆ ತಕ್ಕಷ್ಟು. "ಅಪ್ಪ ಕೆಲಸಕ್ಕೆ ದೂರ ಹೋಗಿದ್ದಾರೆ" ಅನ್ನುವ ಸುಳ್ಳನ್ನು ಸೊಸೈಟಿಯ ಮಕ್ಕಳು ಒಂದೇ ಸಂಜೆಯಲ್ಲಿ ಒಡೆಯುತ್ತಾರೆ. ಬೇರೆಯಾದವರಾದರೆ ಮಗುವಿನ ಕೈಲಿ ಸುದ್ದಿ ಕಳಿಸಬೇಡಿ. ಫೀಸು ಕಟ್ಟು ಅಂತ ಹೇಳಬೇಕಿದ್ದರೆ ನೀವೇ ಮೆಸೇಜ್ ಹಾಕಿ. ಎಂಟು ವರ್ಷದ ಹುಡುಗನಿಗೆ "ಇನ್ನು ನೀನೇ ಮನೆಯ ಗಂಡಸು" ಅನ್ನುವವರ ಬಾಯಿಯನ್ನು ಅಲ್ಲೇ ಮುಚ್ಚಿಸಿ. ಅವನಿಗೆ ತಟ್ಟೆ ತೊಳೆಯುವ ಕೆಲಸ ಕೊಡಿ, ಮನೆಯ ಚಿಂತೆ ಕೊಡಬೇಡಿ.

ಮೇ ರಜೆಯಲ್ಲಿ ಮಂಗಳೂರಿನ ಮತ್ಸ್ಯಗಂಧ ರೈಲು ಹತ್ತಿಸಿ ಅಜ್ಜಿ ಮನೆಗೆ ಕರೆದುಕೊಂಡು ಹೋಗುವುದು ನಮ್ಮ ಹಳೆಯ ಏರ್ಪಾಡು. ಮಗು ಅಲ್ಲಿ ಮೂರು ವಾರ ಇದ್ದರೆ ಅದಕ್ಕೆ ಕನ್ನಡವೋ ತುಳುವೋ ನಾಲಿಗೆಗೆ ಹತ್ತುತ್ತದೆ, ನಿಮಗೆ ಉಸಿರಾಡಲು ಸಮಯ ಸಿಗುತ್ತದೆ. ಆ ಮೂರು ವಾರ ಓವರ್‌ಟೈಮ್ ಮಾಡಿ ಮುಗಿಸಬೇಡಿ.

ನಿಮ್ಮ ಪಾಲಿನ ಎರಡು ಗಂಟೆ

ವಾರಕ್ಕೆ ಎರಡು ಗಂಟೆ ಮಗು ಬೇರೆಯವರ ಹತ್ತಿರ ಇರಲಿ. ಮಲಗಿ, ನಡೆಯಿರಿ, ಇಲ್ಲವೇ ಜನರ ನಡುವೆ ಹೋಗಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಡೊಂಬಿವಲಿಯ ಸಂಘ, ನಿಮ್ಮ ನಿಮ್ಮ ಸಮಾಜದ ಭವನ, ಎಲ್ಲಾದರೂ ಸರಿ. ನಾಟಕ ನೋಡಲು ಹೋದ ಕಡೆಯೇ ಪಟ್ಟಿಯ ಮೂರನೇ ಹೆಸರು ಸಿಗಬಹುದು. "ಇನ್ನೊಂದು ಮದುವೆ ಯಾಕೆ ಆಗಬಾರದು?" ಅಂತ ಅಲ್ಲೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಆದಾಗ ಕಾರ್ಡ್ ಕೊಡ್ತೀನಿ" ಅಂದುಬಿಟ್ಟು ಕಾಫಿ ಕುಡಿಯಿರಿ.

ಎರಡು ವಾರದಿಂದ ನಿದ್ದೆ ಇಲ್ಲ, ಮಗುವಿನ ಮೇಲೆ ಕೈ ಎತ್ತುತ್ತಿದ್ದೀರಿ, ಏನೂ ಬೇಡ ಅನ್ನಿಸುತ್ತಿದೆ ಅಂದರೆ ಅದು ಬರೀ ಸುಸ್ತಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ. ಅದು ಕೊಡುವ ಭಾಷೆಗಳಲ್ಲಿ ಕನ್ನಡವೂ ಇದೆ. ಮಗು ಮಲಗಿದ ಮೇಲೆ ಮಾಡಿದರೂ ಎತ್ತುತ್ತಾರೆ.