ಕೈಯಿಂದ ಜಗ್ಗಬೇಡಿ, ಕಾಲಿಂದ ಒತ್ತಿ: ರೋಯಿಂಗ್ ಮಷೀನ್ ಬಳಸುವ ಬಗೆ

ದೋಣಿಗೆ ಹುಟ್ಟು ಹಾಕುವ ಕಸರತ್ತನ್ನು ನೆಲದ ಮೇಲೇ ಮಾಡಿಸುವ ಯಂತ್ರ ರೋಯಿಂಗ್ ಮಷೀನ್. ಜಿಮ್‌ನಲ್ಲಿ ಅದರ ಮೇಲೆ ಮೊದಲ ಸಲ ಕೂತವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಪಕ್ಕದ ಲಿವರನ್ನು 10ಕ್ಕೆ ಏರಿಸುತ್ತಾರೆ, ಆಮೇಲೆ ಬಾವಿಯಿಂದ ಕೊಡ ಸೇದಿದ ಹಾಗೆ ಎರಡೂ ಕೈಯಿಂದ ಜಗ್ಗುತ್ತಾರೆ. ನಾಲ್ಕು ನಿಮಿಷಕ್ಕೆ ರಟ್ಟೆ ಕಟ್ಟಿಕೊಳ್ಳುತ್ತದೆ, ಮರುದಿನ ಟೊಂಕ ಹಿಡಿಯುತ್ತದೆ, ಮೂರನೇ ದಿನ ಟ್ರೆಡ್‌ಮಿಲ್‌ಗೆ ವಾಪಸ್. ಇದು ತೋಳಿನ ಯಂತ್ರವೆಂಬ ತಪ್ಪು ತಿಳಿವಳಿಕೆಯೇ ಇದಕ್ಕೆಲ್ಲ ಕಾರಣ. ಒಂದು ಸ್ಟ್ರೋಕಿನ, ಅಂದರೆ ಒಮ್ಮೆ ಹಿಂದೆ ಹೋಗಿ ವಾಪಸ್ ಬರುವುದರ, ಶಕ್ತಿಯಲ್ಲಿ ಸುಮಾರು 60 ಭಾಗ ಕಾಲಿನದು, 30 ಭಾಗ ಸೊಂಟ-ಬೆನ್ನಿನದು, ತೋಳಿಗೆ ಉಳಿಯುವುದು 10 ಎಂಬುದು ಕೋಚ್‌ಗಳ ರೂಢಿಯ ಲೆಕ್ಕ. ಗರಡಿಯಲ್ಲಿ ಬೈಠಕ್ ಹೊಡೆದ ಬೆಳಗಾವಿ, ಬಾಗಲಕೋಟೆಯ ಹುಡುಗರಿಗೆ ಇದಕ್ಕೆ ಬೇಕಾದ ತೊಡೆ ಆಗಲೇ ಇರುತ್ತದೆ. ವಿಜಯಪುರದ ಸೈಕಲ್ ಸವಾರರಿಗೂ ಅಷ್ಟೇ. ಆದರೆ ಸೈಕಲ್ ತುಳಿದವರ ತೊಡೆಯ ಹಿಂಭಾಗ ಬಿಗಿದಿರುವುದು ಹೆಚ್ಚು. ಹಾಗಾಗಿ ಮುಂದಕ್ಕೆ ಬಾಗುವಾಗ ಸೊಂಟದ ಬದಲು ಬೆನ್ನು ಗೂನಾಗುತ್ತದೆ. ಅವರು ಕೂರುವ ಮೊದಲು ಐದು ನಿಮಿಷ ಕಾಲು ಸಡಿಲಿಸಿಕೊಳ್ಳುವುದು ಒಳ್ಳೆಯದು.

ಹೊಳೆಯ ನೀರೇ ಕಾಣದವರಿಗೆ ಈ ಕಸರತ್ತು ಯಾಕೆ ಎನ್ನಬೇಡಿ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತದ ನಾಲ್ವರ ರೋಯಿಂಗ್ ತಂಡದಲ್ಲಿದ್ದ ದತ್ತು ಭೋಕನಳ್ ನಾಸಿಕ್ ಜಿಲ್ಲೆಯ ಬರದ ಸೀಮೆಯವರು. ಅವರು ಹುಟ್ಟು ಹಿಡಿದದ್ದೇ ಸೇನೆ ಸೇರಿದ ಮೇಲೆ.

ಯಾವ ಮಷೀನ್?

ಫ್ಯಾನ್ ಇರುವ ಗಾಳಿಯ ಮಷೀನ್ ಆದರೆ ಉತ್ತಮ. ನೀವು ಎಷ್ಟು ಜೋರಾಗಿ ಒತ್ತುತ್ತೀರೋ ಅಷ್ಟೇ ಜೋರಾಗಿ ಅದು ತಡೆಯುತ್ತದೆ. ಕರೆಂಟ್ ಬೇಕಿಲ್ಲ, ಪರದೆ ಬ್ಯಾಟರಿಯಲ್ಲಿ ನಡೆಯುತ್ತದೆ. ಲೋಡ್‌ಶೆಡ್ಡಿಂಗ್ ಹೊತ್ತಲ್ಲಿ ಇದು ಸಣ್ಣ ಲಾಭವಲ್ಲ. ನೀರಿನ ತೊಟ್ಟಿಯ ಮಷೀನ್ ಕೂಡ ಹೀಗೇ ಕೆಲಸ ಮಾಡುತ್ತದೆ, ಬೆಲೆ ಮಾತ್ರ ಹೆಚ್ಚು. ಮ್ಯಾಗ್ನೆಟ್‌ನದು ಸದ್ದಿಲ್ಲದ್ದು, ಮನೆಗೆ ಸಾಕು. ಎರಡು ಪಿಸ್ಟನ್‌ಗಳ ಅಗ್ಗದ ಮಷೀನ್ ಮಾತ್ರ ಬೇಡ. ಪಿಸ್ಟನ್ ಬಿಸಿಯಾದಂತೆ ಹಿಡಿತ ಸಡಿಲವಾಗುತ್ತದೆ, ಹತ್ತನೇ ನಿಮಿಷದ ಶ್ರಮವನ್ನು ಮೊದಲ ನಿಮಿಷದ್ದಕ್ಕೆ ಹೋಲಿಸಲು ಬರುವುದಿಲ್ಲ.

ಕೂರುವ ಮೊದಲು

ಫುಟ್‌ರೆಸ್ಟ್‌ನ ಪಟ್ಟಿ ಪಾದದ ಅತಿ ಅಗಲವಾದ ಕಡೆ, ಬೆರಳುಗಳ ಬುಡದ ಮೇಲೆ ಹಾಯಬೇಕು. ಪಟ್ಟಿ ಪಾದದ ನಡುವೆ ಬಂದರೆ ಹಿಮ್ಮಡಿ ಏಳಲು ಆಗದೆ ಮಂಡಿ ಅರ್ಧಕ್ಕೇ ನಿಲ್ಲುತ್ತದೆ. ಶೂ ಅಡಿ ಗಟ್ಟಿ, ಚಪ್ಪಟೆ ಇರಲಿ. ಮೆತ್ತನೆಯ ರನ್ನಿಂಗ್ ಶೂ ನೀವು ಒತ್ತಿದ್ದನ್ನೆಲ್ಲ ನುಂಗುತ್ತದೆ.

ಬಟ್ಟೆಯ ವಿಷಯದಲ್ಲಿ ಎಚ್ಚರ. ಸೀಟಿನ ಅಡಿ ಗಾಲಿಗಳಿವೆ. ಕುರ್ತಾದ ಅಂಚು, ಓಢಣಿ, ಜೋತುಬಿದ್ದ ಟೀಶರ್ಟ್ ಅದರೊಳಗೆ ಸಿಕ್ಕರೆ ಸೀಟು ಅಲ್ಲೇ ಕಚ್ಚಿಕೊಳ್ಳುತ್ತದೆ, ಮೈ ಮಾತ್ರ ಹಿಂದೆ ಹೋಗುತ್ತದೆ.

ಇನ್ನು ಆ ಲಿವರ್. ಅದರ ಹೆಸರು ಡ್ಯಾಂಪರ್. ಅದು ತೂಕ ಹೇರುವುದಿಲ್ಲ, ಫ್ಯಾನಿನೊಳಗೆ ಹೋಗುವ ಗಾಳಿಯ ಕಿಂಡಿ ತೆರೆಯುತ್ತದೆ, ಮುಚ್ಚುತ್ತದೆ. ಸೈಕಲ್ಲಿನ ಗೇರ್ ಅಂದುಕೊಳ್ಳಿ. 10 ಎಂದರೆ ಭಾರದ ಗೇರ್, ಫ್ಯಾನ್ ಬೇಗ ನಿಧಾನವಾಗುವುದರಿಂದ ಪ್ರತಿ ಸಲ ಅದನ್ನು ಹೊಸದಾಗಿ ಎಬ್ಬಿಸಬೇಕು. ಹೊಸಬರಿಗೆ 3ರಿಂದ 5 ಸಾಕು. ಕಾನ್ಸೆಪ್ಟ್2 ಕಂಪನಿಯ ಮಷೀನ್‌ಗಳಲ್ಲಿ ಇನ್ನೂ ಕರಾರುವಾಕ್ಕಾದ ಅಳತೆ ಇದೆ: ಡ್ರ್ಯಾಗ್ ಫ್ಯಾಕ್ಟರ್, ಅಂದರೆ ಗಾಳಿ ಫ್ಯಾನನ್ನು ಎಷ್ಟು ತಡೆಯುತ್ತದೆ ಎಂಬ ಸಂಖ್ಯೆ. ಪರದೆಯಲ್ಲಿ ‘ಮೋರ್ ಆಪ್ಷನ್ಸ್’, ಅಲ್ಲಿಂದ ‘ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್’ ಒತ್ತಿ, ಕೆಲವು ಸ್ಟ್ರೋಕ್ ಹೊಡೆಯಿರಿ. ಕಾಣುವ ಸಂಖ್ಯೆ 110ರಿಂದ 130ರ ನಡುವೆ ಬರುವ ಹಾಗೆ ಲಿವರ್ ಸರಿಸಿ. ಲಿವರಿನ ಅಂಕಿಗಿಂತ ಈ ಸಂಖ್ಯೆಯನ್ನು ನಂಬಬೇಕು. ನಮ್ಮ ಕಡೆಯ ಧೂಳು ಫ್ಯಾನಿನ ಜಾಲರಿಗೆ ಮೆತ್ತಿಕೊಂಡು ಗಾಳಿ ಕಟ್ಟುತ್ತದೆ. ಆಗ ಲಿವರ್ 5ರಲ್ಲಿದ್ದರೂ ಮಷೀನ್ 3ರ ಹಾಗೆ ಹಗುರವಾಗಿ ಓಡುತ್ತದೆ.

ಒಂದು ಸ್ಟ್ರೋಕ್, ಬಿಡಿಸಿ

1. ಮುಂದೆ: ಮಂಡಿ ಮಡಚಿ, ಮಂಡಿಯಿಂದ ಪಾದದವರೆಗಿನ ಎಲುಬು ನೆಟ್ಟಗೆ ನಿಲ್ಲುವಷ್ಟು ಮುಂದೆ ಬನ್ನಿ, ಅದಕ್ಕಿಂತ ಬೇಡ. ತೋಳು ನೀಳ. ಬೆನ್ನು ಗೂನಾಗದೆ ಸೊಂಟದಿಂದ ಬಾಗಿರಲಿ, ಗಡಿಯಾರದ 11 ಗಂಟೆಯ ಮುಳ್ಳಿನ ಹಾಗೆ.

2. ಒತ್ತು: ಕಾಲಿನಿಂದ ಫುಟ್‌ರೆಸ್ಟನ್ನು ದೂರ ತಳ್ಳಿ. ಈ ಹಂತದಲ್ಲಿ ಬೆನ್ನಿನ ಕೋನ ಬದಲಾಗಬಾರದು, ಮೊಣಕೈ ಮಡಚಬಾರದು. ಎಪಿಎಂಸಿಯಲ್ಲಿ ಹಮಾಲರು ಚೀಲ ಎತ್ತುವುದನ್ನು ನೋಡಿದ್ದರೆ ಗೊತ್ತಾಗುತ್ತದೆ: ಕೈ ಬರೀ ಕೊಕ್ಕೆ, ಏಳುವುದು ತೊಡೆ.

3. ಮಂಡಿ ಹೆಚ್ಚುಕಡಿಮೆ ನೀಳವಾದ ಮೇಲೆ ಸೊಂಟ ಬಿಚ್ಚಿ, 1 ಗಂಟೆಯ ಮುಳ್ಳಿನಷ್ಟು ಹಿಂದಕ್ಕೆ ವಾಲಿ. ಕೊನೆಗೆ ಹ್ಯಾಂಡಲನ್ನು ಕೆಳಗಿನ ಪಕ್ಕೆಲುಬಿಗೆ ತನ್ನಿ. ಗದ್ದದವರೆಗೆ ಎತ್ತುವುದು ಬೇಡ, ಮಣಿಕಟ್ಟು ಚಪ್ಪಟೆ ಇರಲಿ.

4. ವಾಪಸ್: ಇದೇ ಕ್ರಮ, ಉಲ್ಟಾ. ಮೊದಲು ಕೈ ನೀಳ, ಆಮೇಲೆ ಸೊಂಟ ಬಾಗಲಿ, ಹ್ಯಾಂಡಲ್ ಮಂಡಿ ದಾಟಿದ ಮೇಲೆಯೇ ಮಂಡಿ ಮಡಚಿ.

ಹೋಗುವುದು ಒಂದು ಎಣಿಕೆ, ಬರುವುದು ಎರಡು ಎಣಿಕೆ. ವಾಪಸ್ ಬರುವಾಗಲೇ ಉಸಿರು ಕೂಡಿಕೊಳ್ಳುವುದು. ಅವಸರದಲ್ಲಿ ಮುಂದೆ ನುಗ್ಗಿದವರಿಗೆ ಆ ಬಿಡುವೇ ಸಿಗುವುದಿಲ್ಲ.

ಕ್ರಮ ಮೈಗೆ ಹತ್ತಲು ದಿನವೂ ಶುರುವಿಗೆ ಹೀಗೆ ಮಾಡಿ: ಕಾಲು ನೀಳವಾಗಿಟ್ಟು ಬರೀ ಕೈಯಿಂದ 10 ಸ್ಟ್ರೋಕ್, ಕೈ ಮತ್ತು ಸೊಂಟದಿಂದ 10, ಅರ್ಧ ಮಂಡಿ ಮಡಚಿ 10, ಪೂರ್ತಿ 10. ಬೇಸರದ ಕೆಲಸವೇ, ಆದರೂ ಎರಡು ವಾರ ಬಿಡಬೇಡಿ.

ಎಲ್ಲಿ ಕೆಡುತ್ತದೆ?

ಹ್ಯಾಂಡಲಿನ ಚೈನು ನೋಡಿ. ಅದು ಒಂದೇ ಎತ್ತರದಲ್ಲಿ ಸೀದಾ ಹೋಗಿ ಸೀದಾ ಬರಬೇಕು. ವಾಪಸ್ ಬರುವಾಗ ಗುಡ್ಡ ಹತ್ತಿ ಇಳಿದರೆ, ಕೈ ದಾಟುವ ಮೊದಲೇ ಮಂಡಿ ಎದ್ದಿದೆ ಎಂದರ್ಥ.

ಎಲ್ಲಕ್ಕಿಂತ ಅಪಾಯದ್ದು, ಸೀಟು ಹಿಂದೆ ಓಡಿ ಹ್ಯಾಂಡಲ್ ಇದ್ದಲ್ಲೇ ಉಳಿಯುವುದು. ಕಾಲು ಒತ್ತಿದ್ದನ್ನು ಹೊಟ್ಟೆ-ಬೆನ್ನು ಹಿಡಿದುಕೊಳ್ಳದಿದ್ದಾಗ ಹೀಗಾಗುತ್ತದೆ. ಕಾಲಿನ ಶಕ್ತಿ ಖಾಲಿಯಾದ ಮೇಲೆ ಉಳಿದ ಭಾರವನ್ನೆಲ್ಲ ಟೊಂಕ ಒಂದೇ ಎತ್ತಬೇಕಾಗುತ್ತದೆ. ಸೀಟು ಒಂದು ಗೇಣು ಸರಿದರೆ ಹ್ಯಾಂಡಲೂ ಒಂದು ಗೇಣು ಸರಿಯಬೇಕು. ಮೊಬೈಲ್‌ನಲ್ಲಿ ಪಕ್ಕದಿಂದ ಅರ್ಧ ನಿಮಿಷ ವಿಡಿಯೊ ಮಾಡಿಸಿಕೊಂಡರೆ ಗೊತ್ತಾಗುತ್ತದೆ.

ಮುಂಗೈ ಮೊದಲು ಸುಸ್ತಾದರೆ ಮೊಣಕೈ ಬೇಗ ಮಡಚುತ್ತಿದ್ದೀರಿ. ಅಂಗೈಯಲ್ಲಿ ಗುಳ್ಳೆ ಎದ್ದರೆ ಹಿಡಿತ ಬಿಗಿ. ಹೆಬ್ಬೆರಳು ಹಗುರವಾಗಿರಲಿ, ನಾಲ್ಕು ಬೆರಳು ಕೊಕ್ಕೆಯಂತಿರಲಿ. ಇನ್ನೊಂದು ಪರೀಕ್ಷೆ: ಪಾದದ ಪಟ್ಟಿ ಬಿಚ್ಚಿ ನಿಧಾನಕ್ಕೆ ಹೊಡೆದು ನೋಡಿ. ಹಿಂದಕ್ಕೆ ಬೀಳುವ ಹಾಗಾದರೆ ನೀವು ಅತಿಯಾಗಿ ವಾಲುತ್ತಿದ್ದೀರಿ.

ಎಂಟು ವಾರದ ಲೆಕ್ಕ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಬೆನ್ನಿನ ಡಿಸ್ಕ್, ಹೃದಯ, ಬಿ.ಪಿ. ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಿ. ಏಪ್ರಿಲ್-ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಚಾವಣಿಯ ಜಿಮ್‌ನೊಳಗೆ ಸಂಜೆಯೂ ಕಾವು ಆರಿರುವುದಿಲ್ಲ. ಬೆಳಗ್ಗೆ ಆರರೊಳಗೆ ಮುಗಿಸಿ, ನೀರು ಪಕ್ಕದಲ್ಲೇ ಇರಲಿ. ರೊಟ್ಟಿ ಊಟವಾದ ಮೇಲೆ ಎರಡು ತಾಸು ಮಷೀನ್ ಹತ್ತಿರ ಹೋಗಬೇಡಿ. ಮುಂದೆ ಬಾಗಿದಾಗ ಹೊಟ್ಟೆಯೇ ಮಡಚಿಕೊಳ್ಳುತ್ತದೆ.

ಮೊದಲ ವಾರ 5 ನಿಮಿಷದ ಮೂರು ಸುತ್ತು, ನಡುವೆ 2 ನಿಮಿಷ ವಿಶ್ರಾಂತಿ. ಎರಡನೇ ವಾರ 8 ನಿಮಿಷದ ಎರಡು, ಮೂರನೇ ವಾರ 10 ನಿಮಿಷದ ಎರಡು, ನಾಲ್ಕನೇ ವಾರ ಬಿಡುವಿಲ್ಲದೆ 20 ನಿಮಿಷ. ಸ್ಟ್ರೋಕ್ ರೇಟ್, ಅಂದರೆ ನಿಮಿಷಕ್ಕೆ ಎಷ್ಟು ಸ್ಟ್ರೋಕ್ ಎಂಬುದು 18ರಿಂದ 20 ದಾಟಬಾರದು. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರುವಷ್ಟು ಶ್ರಮ ಸಾಕು. ಐದನೇ ವಾರದಿಂದ ಒಂದು ದಿನ ಮಾತ್ರ ಜೋರು: ಪರದೆ ತೋರಿಸುವ 500 ಮೀಟರಿನ ನಾಲ್ಕು ಸುತ್ತು, ರೇಟ್ 24ರಿಂದ 26, ನಡುವೆ 2 ನಿಮಿಷ ಬಿಡುವು. ಉಳಿದ ಎರಡು ದಿನ ಹಳೆಯ ನಿಧಾನದ 20 ನಿಮಿಷ, ವಾರಕ್ಕೆ ಎರಡು-ಮೂರು ನಿಮಿಷ ಏರಿಸುತ್ತ ಹೋಗಿ. ಎಲ್ಲ ದಿನವೂ ಜೋರು ಮಾಡುವವರು ಆರನೇ ವಾರಕ್ಕೆ ಸೋತು ಬಿಡುವುದೇ ಹೆಚ್ಚು.

ಪರದೆಯಲ್ಲಿ ನೋಡಬೇಕಾದ್ದು ಕ್ಯಾಲೊರಿ ಅಲ್ಲ, 500 ಮೀಟರಿಗೆ ಹಿಡಿಯುವ ಸಮಯ. ಅದನ್ನು ಸ್ಪ್ಲಿಟ್ ಎನ್ನುತ್ತಾರೆ. ಇಲ್ಲೊಂದು ಗಣಿತವಿದೆ. 2 ನಿಮಿಷ 30 ಸೆಕೆಂಡಿನ ಸ್ಪ್ಲಿಟ್‌ಗೆ ಸುಮಾರು 104 ವ್ಯಾಟ್ ಬೇಕು, ಬರೋಬ್ಬರಿ 2 ನಿಮಿಷಕ್ಕೆ 203. ಅಂದರೆ 30 ಸೆಕೆಂಡ್ ಇಳಿಸಲು ಶಕ್ತಿ ಹತ್ತಿರಹತ್ತಿರ ಇಮ್ಮಡಿ. ಗಾಳಿಯ ತಡೆ ವೇಗದ ಜೊತೆ ಸಮಸಮ ಏರದೆ ಜಿಗಿಯುವುದೇ ಕಾರಣ. ಹಾಗಾಗಿ ತಿಂಗಳಿಗೆ ನಾಲ್ಕೈದು ಸೆಕೆಂಡ್ ಇಳಿದರೂ ಅದು ದೊಡ್ಡದೇ.

ತಾಸಿಗೊಮ್ಮೆಯಲ್ಲ, 50 ತಾಸಿನ ಬಳಕೆಗೊಮ್ಮೆ ಚೈನಿಗೆ ಎಣ್ಣೆ: ಕಾಗದದ ಒರೆಸಿಗೆ ಒಂದು ಚಮಚ 20ಡಬ್ಲ್ಯೂ ಮೋಟಾರ್ ಆಯಿಲ್ ಹಾಕಿ ಉದ್ದಕ್ಕೂ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಸೀಟಿನ ಹಳಿಯನ್ನು ಮಾತ್ರ ದಿನವೂ ಒರೆಸಬೇಕು, ಬೆವರು-ಧೂಳು ಸೇರಿ ಕಪ್ಪು ಮೇಣದಂತೆ ಅಂಟಿ ಗಾಲಿ ಕುಕ್ಕುತ್ತದೆ.

ಎಂಟನೇ ವಾರದ ಕೊನೆಗೆ 2000 ಮೀಟರ್ ಪರೀಕ್ಷೆ. 10 ನಿಮಿಷ ಮೈ ಬಿಸಿ ಮಾಡಿಕೊಳ್ಳಿ. 9 ನಿಮಿಷ ಗುರಿಯಾದರೆ ಸ್ಪ್ಲಿಟ್ 2:15 ಬರಬೇಕು. ಮೊದಲ 500 ಮೀಟರ್ 2:17ರಲ್ಲೇ ಹೋಗಿ, ಆಗ ಹಗುರ ಎನಿಸಿದರೂ ಮೋಸ ಹೋಗಬೇಡಿ. ನಡುವಿನ 1000 ಮೀಟರ್ 2:15, ಕೊನೆಯ 500ರಲ್ಲಿ 2:13ಕ್ಕೆ ಇಳಿಸಿ. ಮುಗಿದ ಕೂಡಲೇ ಎದ್ದು ನಿಲ್ಲಬೇಡಿ, ತಲೆ ತಿರುಗುತ್ತದೆ. ಐದು ನಿಮಿಷ ಹಗುರವಾಗಿ ಹೊಡೆಯುತ್ತಲೇ ಇರಿ. ಸಮಯದ ಜೊತೆ ಆ ದಿನದ ಡ್ರ್ಯಾಗ್ ಫ್ಯಾಕ್ಟರನ್ನೂ ಬರೆದಿಟ್ಟುಕೊಳ್ಳಿ, ಮುಂದಿನ ಪರೀಕ್ಷೆಯೂ ಅದೇ ಸಂಖ್ಯೆಯಲ್ಲೇ ಆಗಬೇಕು.