ಹಗಲಲ್ಲಿ ಪ್ರೊಜೆಕ್ಟರ್: ಅಪ್ಪನ ಟೆಸ್ಟ್ ಮ್ಯಾಚಿಗೆ ನಾನು ಮಾಡಿಕೊಂಡ ಸೆಟ್ಟಿಂಗ್

"ಬಾಲ್ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗ್ತಿಲ್ಲ ಕಣಮ್ಮ" ಎಂದು ಅಪ್ಪ ಎರಡನೇ ಸಲ ಹೇಳಿದಾಗ ನಾನು ರಿಮೋಟ್ ಕೈಗೆ ತೆಗೆದುಕೊಂಡೆ. ಮಧ್ಯಾಹ್ನ ಎರಡು ಗಂಟೆ. ರಾತ್ರಿ ಅಷ್ಟು ಚೆನ್ನಾಗಿ ಕಾಣುವ ನಮ್ಮ 100 ಇಂಚಿನ ಪರದೆಯ ಮೇಲೆ ಈಗ ತೆಳ್ಳಗೆ ಸುಣ್ಣ ಬಳಿದ ಹಾಗಿತ್ತು. ಹುಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಕೆಂಪು ಬಾಲ್ ಅದರಲ್ಲೇ ಕರಗಿಹೋಗುತ್ತಿತ್ತು. ನಮ್ಮಲ್ಲಿ ಟೆಸ್ಟ್ ಮ್ಯಾಚ್ ಸಾಮಾನ್ಯವಾಗಿ ಬೆಳಗ್ಗೆ 9.30ಕ್ಕೆ ಶುರುವಾಗುತ್ತದೆ, ಸಂಜೆಗೆ ಮುಗಿಯುತ್ತದೆ. ಕತ್ತಲಾಗಲಿ ಎಂದು ಕಾಯುವ ಹಾಗಿಲ್ಲ ಅಲ್ವಾ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಮೆನುಗೆ ಹೋಗಿ 'ಬ್ರೈಟ್‌ನೆಸ್' 50ರಿಂದ 70ಕ್ಕೆ ಏರಿಸಿದೆ. ಚಿತ್ರ ಇನ್ನೂ ಕೆಟ್ಟಿತು. ಆ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದು ಲ್ಯಾಂಪಿನ ಬೆಳಕನ್ನು ಹೆಚ್ಚಿಸುವುದಿಲ್ಲ. ಚಿತ್ರದಲ್ಲಿ ಕಪ್ಪಾಗಿರಬೇಕಾದ ಜಾಗವನ್ನು ತಿಳಿಯಾಗಿಸುತ್ತದೆ, ಅಷ್ಟೇ. ಹಗಲಲ್ಲಿ ಕಿಟಕಿಯ ಬೆಳಕು ಈಗಾಗಲೇ ಅದೇ ಕೆಲಸ ಮಾಡಿರುತ್ತದೆ. ಪ್ರೊಜೆಕ್ಟರ್‌ಗೆ ಬೆಳಕು ಹಾಕುವುದಕ್ಕೆ ಬರುತ್ತದೆ, ಕಪ್ಪು ಹಾಕುವುದಕ್ಕೆ ಬರುವುದಿಲ್ಲ. ಅದು ಆಫ್ ಆಗಿದ್ದಾಗ ಪರದೆ ಎಷ್ಟು ಬೆಳ್ಳಗೆ ಕಾಣುತ್ತದೋ, ಆ ಹೊತ್ತಿನಲ್ಲಿ ನಮಗೆ ಸಿಗುವ ಅತಿ ಗಾಢ ಕಪ್ಪು ಅದೇ. ಇದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು. ಬ್ರೈಟ್‌ನೆಸ್ ಮತ್ತೆ 50ಕ್ಕೆ ತಂದು ಬಿಟ್ಟೆ.

ಮರುದಿನ ಅದೇ ಹೊತ್ತಿಗೆ ಕೂತು ಅಳೆದೆ. ಫೋನಿನಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡೆ. ಫೋನಿನ ಬೆನ್ನನ್ನು ಪರದೆಗೆ ತಾಗಿಸಿ, ಮುಖವನ್ನು ಕೋಣೆಯ ಕಡೆ ಮಾಡಿ ಹಿಡಿದೆ. ಪ್ರೊಜೆಕ್ಟರ್ ಆಫ್ ಇದ್ದಾಗ 180 ಲಕ್ಸ್. ಪೂರ್ತಿ ಬಿಳಿ ಚಿತ್ರ ಹಾಕಿದಾಗ 580. ಅಂದರೆ ಬಿಳಿ ಮತ್ತು ಕಪ್ಪಿನ ನಡುವೆ ಬರೀ ಮೂರು ಪಟ್ಟು ವ್ಯತ್ಯಾಸ. ಇಷ್ಟರಲ್ಲಿ ಯಾವ ಸೆಟ್ಟಿಂಗ್ ತಾನೇ ಏನು ಮಾಡೀತು? ಫೋನಿನ ಅಳತೆ ಕರಾರುವಾಕ್ಕಾಗಿ ಇರಬೇಕಿಲ್ಲ. ಒಂದೇ ಫೋನು, ಒಂದೇ ಜಾಗ ಆದರೆ ಹೋಲಿಸಿ ನೋಡುವುದಕ್ಕೆ ಸಾಕು.

ಹಾಗಾಗಿ ಮೊದಲು ಕಿಟಕಿ. ನಮ್ಮ ಹಾಲ್‌ಗೆ ಎರಡು ಕಿಟಕಿಗಳಿವೆ. ಪಶ್ಚಿಮದ ಕಿಟಕಿ ಪರದೆಗೆ ನೇರ ಎದುರಿಗಿದೆ. ಇನ್ನೊಂದು, ಪರದೆ ತೂಗುಹಾಕಿರುವ ಗೋಡೆಯಲ್ಲೇ ಒಂದು ಮೂಲೆಗಿದೆ. ಪಶ್ಚಿಮದ ಕಿಟಕಿಗೆ ಮಾತ್ರ ದಪ್ಪನೆಯ ಬ್ಲ್ಯಾಕ್‌ಔಟ್ ಕರ್ಟನ್ ಹಾಕಿಸಿದೆ. ಇನ್ನೊಂದನ್ನು ತೆರೆದೇ ಇಟ್ಟೆ. ಅದರ ಬೆಳಕು ಕೋಣೆಯೊಳಕ್ಕೆ ಬೀಳುತ್ತದೆ, ಪರದೆಗೆ ನೇರವಾಗಿ ತಾಗುವುದಿಲ್ಲ. ಅಮ್ಮ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಾರೆ, ಅವರಿಗೆ ಬೆಳಕು ಬೇಕು. ಈಗ ಆಫ್ ಇದ್ದಾಗ 40 ಲಕ್ಸ್, ಬಿಳಿ ಚಿತ್ರಕ್ಕೆ 440. ರಿಮೋಟ್ ಮುಟ್ಟುವ ಮೊದಲೇ ಮೂರು ಪಟ್ಟು ಇದ್ದದ್ದು ಹನ್ನೊಂದು ಪಟ್ಟಾಯಿತು. ಇಡೀ ಕೋಣೆಯನ್ನು ಕತ್ತಲು ಮಾಡಬೇಕಿಲ್ಲ. ಪರದೆಯ ಮೇಲೆ ಬೀಳುವ ಬೆಳಕನ್ನು ತಡೆದರೆ ಸಾಕು.

ಆಮೇಲೆ ಮೆನು. ನಮ್ಮದು ಲ್ಯಾಂಪ್ ಇರುವ 3000 ಲುಮೆನ್‌ನ ಮಾಮೂಲಿ ಪ್ರೊಜೆಕ್ಟರ್. ಲುಮೆನ್ ಅಂದರೆ ಪ್ರೊಜೆಕ್ಟರ್ ಹೊರಹಾಕುವ ಒಟ್ಟು ಬೆಳಕಿನ ಅಳತೆ. ರಾತ್ರಿಗೆಂದು 'ಸಿನಿಮಾ' ಮೋಡ್‌ನಲ್ಲಿ, ಲ್ಯಾಂಪನ್ನು ಬೆಳಕು ತಗ್ಗಿಸುವ 'ಇಕೋ'ದಲ್ಲಿ ಇಟ್ಟಿದ್ದೆ. ಡಬ್ಬದ ಮೇಲೆ ಬರೆದ ಲುಮೆನ್ ಸಾಮಾನ್ಯವಾಗಿ ಅತಿ ಪ್ರಖರವಾದ ಮೋಡ್‌ನದ್ದು. ಸಿನಿಮಾ ಮೋಡ್‌ನಲ್ಲಿ ಅದರ ಅರ್ಧವೂ ಸಿಗದೆ ಇರಬಹುದು. 'ಡೈನಾಮಿಕ್' ಮಾಡಿ, ಇಕೋ ತೆಗೆದು, ಲ್ಯಾಂಪ್ ಕಾಯಲೆಂದು ಇಪ್ಪತ್ತು ನಿಮಿಷ ಬಿಟ್ಟೆ. ಬಿಳಿ ಚಿತ್ರ 1000 ಲಕ್ಸ್ ತೋರಿಸಿತು. ಫ್ಯಾನಿನ ಸದ್ದು ಜಾಸ್ತಿಯಾಯಿತು, ನಿಜ. ಕಾಮೆಂಟರಿ ಇರುವಾಗ ಅದು ಅಷ್ಟು ಕೇಳಿಸುವುದಿಲ್ಲ.

ಇನ್ನೊಂದು ದೊಡ್ಡ ಲಾಭ ಸಿಕ್ಕಿದ್ದು ಚಿತ್ರವನ್ನು ಚಿಕ್ಕದು ಮಾಡಿದ್ದರಿಂದ. 100 ಇಂಚಿನ ಚಿತ್ರಕ್ಕೆ ಸುಮಾರು 2.75 ಚದರ ಮೀಟರ್ ಜಾಗ ಬೇಕು. 80 ಇಂಚಿಗೆ 1.76 ಸಾಕು. ಅದೇ ಬೆಳಕು ಕಡಿಮೆ ಜಾಗದಲ್ಲಿ ಬಿದ್ದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಪ್ರಖರ. ಪ್ರೊಜೆಕ್ಟರ್ ಇಟ್ಟ ಟೀಪಾಯಿಯನ್ನು ಎರಡಡಿ ಮುಂದಕ್ಕೆ ತಳ್ಳಿದೆ, ಅಷ್ಟೇ. ಕೀಸ್ಟೋನ್ ಬಳಸಲಿಲ್ಲ. ಅದು ಚಿತ್ರವನ್ನು ಕುಗ್ಗಿಸಿ ನೇರ ಮಾಡುತ್ತದೆ, ಹಾಗಾಗಿ ಒಂದಿಷ್ಟು ಬೆಳಕು ದಂಡವಾಗುತ್ತದೆ. ಟೀಪಾಯಿಯನ್ನೇ ಸರಿಯಾಗಿ ನೇರಕ್ಕೆ ಇಟ್ಟೆ.

ಡೈನಾಮಿಕ್ ಮೋಡ್‌ನ ತೊಂದರೆ ಬಣ್ಣದ್ದು. ಆಟಗಾರರ ಬಿಳಿ ಬಟ್ಟೆ ಎಳೆ ಬಾಳೆಎಲೆಯ ಬಣ್ಣಕ್ಕೆ ತಿರುಗಿತ್ತು. ಬಣ್ಣದ ಮೆನುವಿನಲ್ಲಿ ಗ್ರೀನ್ ಗೇನ್, ಅಂದರೆ ಹಸಿರಿನ ಪ್ರಮಾಣ, ಸ್ವಲ್ಪ ಸ್ವಲ್ಪವೇ ಇಳಿಸಿದೆ. ಇಲ್ಲಿ ಆಸೆ ಪಡಬಾರದು. ನಮ್ಮ ಕಣ್ಣಿಗೆ ಬಿಳಿಯ ಪ್ರಖರತೆ ಸುಮಾರು ಶೇಕಡಾ 70ರಷ್ಟು ಹಸಿರಿನಿಂದಲೇ ಬರುತ್ತದೆ, ಹಸಿರು ಇಳಿಸಿದಷ್ಟೂ ಬೆಳಕು ಇಳಿಯುತ್ತದೆ. ಬಟ್ಟೆ ಬಟ್ಟೆಯಂತೆ ಕಂಡ ತಕ್ಷಣ ನಿಲ್ಲಿಸಿದೆ. ಎಲ್ಲ ಮುಗಿದ ಮೇಲೆ 1350 ಲಕ್ಸ್ ಉಳಿಯಿತು. 40ಕ್ಕೆ ಎದುರಾಗಿ ಅದು ಸುಮಾರು 34 ಪಟ್ಟು.

ಕಾಂಟ್ರಾಸ್ಟ್‌ಗೂ ಆ ಬಿಳಿ ಬಟ್ಟೆಯೇ ನನ್ನ ಅಳತೆಗೋಲು. ಏರಿಸುತ್ತ ಹೋದೆ. ಒಂದು ಹಂತದಲ್ಲಿ ಬೌಲರ್‌ನ ಅಂಗಿಯ ಮಡಿಕೆಗಳು ಮಾಯವಾಗಿ ಬರೀ ಬಿಳಿ ತೇಪೆಯಾಯಿತು. ಮಡಿಕೆ ಮತ್ತೆ ಕಾಣುವವರೆಗೆ ಎರಡು ಮೂರು ಹೆಜ್ಜೆ ಹಿಂದೆ ಬಂದೆ.

ಬಾಲ್ ಕಾಣುವಂತೆ ಮಾಡಿದ್ದು ಮಾತ್ರ ಗಾಮಾ. ಇದನ್ನು ಜನ ಮುಟ್ಟುವುದೇ ಇಲ್ಲ. ಗಾಮಾ ಕಪ್ಪು ಬಿಳಿ ಎರಡನ್ನೂ ಇದ್ದಲ್ಲೇ ಬಿಟ್ಟು ನಡುವಿನ ಛಾಯೆಗಳನ್ನು ಮೇಲೆತ್ತುತ್ತದೆ. ಹುಲ್ಲು, ಮುಖ, ಪಿಚ್‌ನ ಬಿರುಕು, ಸ್ಟ್ಯಾಂಡಿನ ನೆರಳಲ್ಲಿ ನಿಂತ ಫೀಲ್ಡರ್, ಎಲ್ಲವೂ ಇರುವುದು ಆ ನಡುವಿನಲ್ಲೇ. ಕೆಲವು ಪ್ರೊಜೆಕ್ಟರ್‌ಗಳಲ್ಲಿ 2.4, 2.2, 2.0 ಎಂದು ಬರೆದಿರುತ್ತದೆ. ಅಂಕಿ ಕಡಿಮೆಯಾದಷ್ಟೂ ನಡುವಿನ ಭಾಗ ತಿಳಿಯಾಗುತ್ತದೆ. ರಾತ್ರಿಗೆ 2.4 ಇದ್ದದ್ದನ್ನು ಹಗಲಿಗೆ 2.0 ಮಾಡಿದೆ. ಕಲರ್ ಕೂಡ ನಾಲ್ಕೈದು ಅಂಕಿ ಏರಿಸಿದೆ, ಏಕೆಂದರೆ ಹೊರಗಿನ ಬೆಳಕು ಬಣ್ಣವನ್ನೂ ತೊಳೆದುಹಾಕುತ್ತದೆ. ಹುಲ್ಲಿನ ಮೇಲೆ ಬಾಲ್ ಎದ್ದು ಕಂಡಿತು. ಅಪ್ಪ ಕನ್ನಡಕ ಸರಿಮಾಡಿಕೊಂಡು "ಹಾಂ, ಇದು ಸರಿ" ಅಂದರು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ಸೆಷನ್ ಪೂರ್ತಿ ಅವರ ಪಕ್ಕದಲ್ಲೇ ಕೂತೆ.

ಸಣ್ಣಪುಟ್ಟವು ಇನ್ನೂ ಇವೆ. ದೃಶ್ಯಕ್ಕೆ ತಕ್ಕಂತೆ ಬೆಳಕನ್ನು ತಾನೇ ಹೆಚ್ಚು ಕಡಿಮೆ ಮಾಡುವ ಆಟೋ ಐರಿಸ್ ಆಫ್ ಮಾಡಿ, ಹಗಲಲ್ಲಿ ಅದರಿಂದ ಉಪಯೋಗವಿಲ್ಲ. ಸ್ಟ್ರೀಮಿಂಗ್ ಸ್ಟಿಕ್‌ನಲ್ಲಿ ಎಚ್‌ಡಿಆರ್ (ತುಂಬ ಪ್ರಖರವಾದ ಟಿವಿಗಳಿಗೆ ಹೊಂದುವ ಚಿತ್ರದ ಬಗೆ) ತೆಗೆಯಿರಿ, ನಮ್ಮಂಥ ಪ್ರೊಜೆಕ್ಟರ್‌ನಲ್ಲಿ ಅದು ಚಿತ್ರವನ್ನು ಇನ್ನೂ ಮಂಕು ಮಾಡುತ್ತದೆ. ಸ್ಕೋರ್ ಅಂಕಿಗಳ ಸುತ್ತ ಬಿಳಿ ಗೆರೆ ಕಂಡರೆ ಶಾರ್ಪ್‌ನೆಸ್ ಇಳಿಸಿ. ಏರ್ ಫಿಲ್ಟರಿನ ಧೂಳು ತೆಗೆಯುವುದನ್ನು ಮಾತ್ರ ಮರೆಯಬೇಡಿ. ಲ್ಯಾಂಪ್ ಪೂರ್ತಿ ಉರಿಯುವಾಗ ಗಾಳಿ ಸರಾಗವಾಗಿ ಆಡಲೇಬೇಕು.

ಕತ್ತಲ ದೃಶ್ಯಗಳೇ ತುಂಬಿರುವ ಸಿನಿಮಾವನ್ನು ಮಾತ್ರ ನಾನು ಹಗಲಲ್ಲಿ ಹಾಕುವುದಿಲ್ಲ. 34 ಪಟ್ಟು ಕ್ರಿಕೆಟ್‌ಗೆ ಸಾಕು, ಅದಕ್ಕೆ ಸಾಲದು. ಹಗಲಿನ ಸೆಟ್ಟಿಂಗ್ ಮೆಮೊರಿ 1ರಲ್ಲಿ, ರಾತ್ರಿಯದು ಮೆಮೊರಿ 2ರಲ್ಲಿ ಉಳಿಸಿಟ್ಟಿದ್ದೇನೆ. ದಿನದ ಆಟ ಮುಗಿದ ಕೂಡಲೇ ಅಪ್ಪ ತಾವೇ 2 ಒತ್ತಿ ಇಕೋಗೆ ತರುತ್ತಾರೆ. ಆಮೇಲೆ ಟೀಪಾಯಿ ಹಿಂದಕ್ಕೆ ಸರಿಯುತ್ತದೆ.