ಬಂಡಿ ದಾರಿ, ಹುಣಸೆಬೀಜ ಮತ್ತು ನೇಪಾಳ: ನಾನು ಪಾಠ ಮಾಡಿದ ಬಗೆ

ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಎರಡು ದೊಡ್ಡ ದೇಶಗಳ ನಡುವೆ ಸಿಕ್ಕ ಚಿಕ್ಕ ದೇಶ ಹೇಗೆ ಬಾಳುತ್ತದೆ ಎನ್ನುವುದು ನನಗೆ ತುಂಬಾ ಇಷ್ಟದ ವಿಷಯ. ಆದರೂ ಮೊದಲ ಕೆಲವು ವರ್ಷ ಅದನ್ನು ಸುಮ್ನೆ ನೋಟ್ಸ್ ಬರೆಸಿ ಮುಗಿಸಿದ್ದೆ. 1950ರ ಭಾರತ–ನೇಪಾಳ ಒಪ್ಪಂದ, 1955ರಲ್ಲಿ ಚೀನಾ ಜೊತೆ ಸಂಬಂಧ, 1961ರಲ್ಲಿ ಚೀನಾ ಜೊತೆ ಗಡಿ ಒಪ್ಪಂದ. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಇಳಿಸಿದರು, ಮರೆತರು. ಸಮತೋಲನ ಅಂದ್ರೆ ಏನು ಅಂತ ಕೇಳಿದರೆ, "ಇಬ್ಬರ ಜೊತೆಗೂ ಚೆನ್ನಾಗಿರೋದು ಮೇಡಂ" ಎನ್ನುತ್ತಿದ್ದರು. ಆ ಉತ್ತರ ನನ್ನ ಮನಸ್ಸನ್ನು ಕೊರೆಯುತ್ತಿತ್ತು.

ಒಂದು ವರ್ಷ ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದೆ. ಮೂರು ಗುಂಪು ಮಾಡಿದೆ. ಉತ್ತರಕ್ಕೆ ಚೀನಾ, ದಕ್ಷಿಣಕ್ಕೆ ಭಾರತ, ನಡುವೆ ನೇಪಾಳ. ಮನೆಯಿಂದ ಒಂದು ಡಬ್ಬಿ ಹುಣಸೆಬೀಜ ತಂದಿದ್ದೆ. ಅದೇ ಪೆಟ್ರೋಲ್, ಡೀಸೆಲ್, ಗ್ಯಾಸ್. ನೇಪಾಳಕ್ಕೆ ಪ್ರತಿ ಸುತ್ತಿಗೆ ಐದು ಬೀಜ ಖರ್ಚು. ದಕ್ಷಿಣದವರು ಸುತ್ತಿಗೆ ಆರು ಕೊಡಬಹುದು. ಉತ್ತರದವರು ಎರಡು ಸುತ್ತಿಗೆ ಒಂದು ಮಾತ್ರ, ಯಾಕಂದ್ರೆ ನಡುವೆ ಹಿಮಾಲಯ ಇದೆ.

ನೇಪಾಳದ ಗುಂಪು ಕೇಳಿದ್ದಕ್ಕೆಲ್ಲ ಹೂಂ ಅಂದಿತು. ಉತ್ತರದವರಿಗೆ ರಸ್ತೆ ಕೊಡುತ್ತೇವೆ ಅಂದರು. ದಕ್ಷಿಣದವರಿಗೆ, ನಿಮ್ಮನ್ನು ಕೇಳದೆ ಯಾರಿಗೂ ರಸ್ತೆ ಕೊಡಲ್ಲ ಅಂದರು. ಮೂರನೇ ಸುತ್ತಿಗೆ ಎರಡೂ ಮಾತು ಹೊರಬಿತ್ತು. ದಕ್ಷಿಣದವರು ಬೀಜ ನಿಲ್ಲಿಸಿದರು. ಹಣಕಾಸು ಮಂತ್ರಿಯಾಗಿದ್ದ ಹುಡುಗಿ ಅಂಗೈ ಬಿಚ್ಚಿ ಎಣಿಸಿದಳು. ಎರಡೇ ಎರಡು ಬೀಜ. ತರಗತಿ ಗಪ್‌ಚುಪ್ ಆಯಿತು.

ಆಗ ನೇಪಾಳದ 2015ರ ಕಥೆ ಹೇಳಿದೆ. ಏಪ್ರಿಲ್‌ನಲ್ಲಿ ಭೂಕಂಪ. ಟಿಬೆಟ್ ಕಡೆಯ ತಾತೋಪಾನಿ ಗಡಿ ಮುಚ್ಚಿಹೋಯಿತು. ಸೆಪ್ಟೆಂಬರ್ 20ಕ್ಕೆ ಹೊಸ ಸಂವಿಧಾನ ಬಂತು. ಅದರ ಬೆನ್ನಿಗೇ ಭಾರತದ ಕಡೆಯ ರಕ್ಸೌಲ್–ಬೀರ್‌ಗಂಜ್ ಗಡಿಯಲ್ಲಿ ಲಾರಿಗಳು ನಿಂತವು. ಆ ಸಂವಿಧಾನ ಒಪ್ಪದ ಮಧೇಶಿಗಳ, ಅಂದರೆ ನೇಪಾಳದ ದಕ್ಷಿಣದ ಬಯಲಿನ ಜನರ, ಪ್ರತಿಭಟನೆ ಕಾರಣ, ನಾವು ತಡೆದಿಲ್ಲ ಎಂದು ಭಾರತ ಹೇಳಿತು. ಇದು ಭಾರತದ್ದೇ ದಿಗ್ಬಂಧನ ಎಂದು ನೇಪಾಳ ಹೇಳಿತು. ಅಡುಗೆ ಗ್ಯಾಸ್ ಇಲ್ಲದೆ ಕಠ್ಮಂಡುವಿನ ಮನೆಗಳಲ್ಲಿ ಸೌದೆ ಒಲೆ ಹತ್ತಿತು. ಚೀನಾ 13 ಲಕ್ಷ ಲೀಟರ್ ಪೆಟ್ರೋಲ್ ಉಚಿತವಾಗಿ ಕೊಟ್ಟಿತು. ಕೇಳಲು ದೊಡ್ಡ ಲೆಕ್ಕ, ಒಂದು ದೇಶಕ್ಕೆ ಅದು ಎಷ್ಟು ದಿನ ಬಂದೀತು? 2016ರ ಫೆಬ್ರವರಿವರೆಗೂ ಆ ಕಷ್ಟ ಎಳೆಯಿತು.

ಆಗ ಹಿಂದಿನ ಬೆಂಚಿನಿಂದ ಚಳ್ಳಕೆರೆ ಕಡೆಯ ಹುಡುಗನೊಬ್ಬ ಎದ್ದು ನಿಂತ. ಅವನು ಅಷ್ಟಾಗಿ ಬಾಯಿ ಬಿಡುವವನಲ್ಲ. "ಮೇಡಂ, ನಮ್ಮ ಹೊಲಾನೂ ಹಿಂಗೇ. ದಾರಿ ಇಲ್ಲ" ಅಂದ.

ಮುಂದೆ ಬಂದು ನೆಲದ ಮೇಲೆ ಅವನೇ ಬರೆದು ತೋರಿಸಿದ. ಅವರದು ಮೂರು ಎಕರೆ. ಟಾರ್ ರಸ್ತೆ ಕಡೆ ಒಬ್ಬ ದೊಡ್ಡ ಹಿಡುವಳಿದಾರ, ಹಿಂದುಗಡೆ ಇನ್ನೊಬ್ಬ. ಇಬ್ಬರಿಗೂ ಬದುವಿನ ಜಗಳ, ಮಾತಿಲ್ಲ. ಶೇಂಗಾ ಕಿತ್ತಾಗ ಟ್ರ್ಯಾಕ್ಟರ್ ಬರಬೇಕಾದ್ದು ರಸ್ತೆ ಕಡೆಯವನ ಹೊಲದ ಮೇಲೆಯೇ. ಹಿಂದುಗಡೆ ಒಂದು ಬಂಡಿ ದಾರಿ ಇದೆ, ಹಳ್ಳ ದಾಟಬೇಕು, ಮಳೆ ಬಂದರೆ ಮುಗೀತು. "ನಮ್ಮ ತಾತ ಆ ಬಂಡಿ ದಾರೀಲಿ ಜಾಲಿ ಬೆಳೆಯೋಕೆ ಬಿಡಲ್ಲ ಮೇಡಂ. ವರ್ಷಕ್ಕೊಂದ್ಸಲ ಕಡಿಸ್ತಾರೆ. ಅದರಲ್ಲಿ ಓಡಾಡೋದು ಕಮ್ಮಿ. ಆದ್ರೆ ದಾರಿ ಇದೆ ಅಂತ ರಸ್ತೆ ಕಡೆಯೋರಿಗೆ ಗೊತ್ತಿರಬೇಕು ಅಂತಾರೆ. ಅವರ ಮನೆ ಮದುವೆಗೆ ಮೊದಲು ಹೋಗೋರೂ ತಾತನೇ."

ನನಗೆ ಮೈ ಜುಮ್ಮೆಂದಿತು. 2016ರ ಮಾರ್ಚ್‌ನಲ್ಲಿ ನೇಪಾಳದ ಆಗಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ ಬೀಜಿಂಗ್‌ಗೆ ಹೋಗಿ, ಚೀನಾದ ಬಂದರುಗಳ ಮೂಲಕ ಸಾಮಾನು ತರಿಸುವ ಸಾಗಣೆ ಒಪ್ಪಂದಕ್ಕೆ ಸಹಿ ಮಾಡಿಸಿದ್ದು ಇದೇ ಅಲ್ವಾ? ಚೀನಾದ ಬಂದರು ಮೂರು ಸಾವಿರ ಕಿಲೋಮೀಟರ್‌ಗೂ ಆಚೆ. ಭಾರತದ ಕೋಲ್ಕತ್ತ ಬಂದರು ಸಾವಿರದ ಆಸುಪಾಸು. ಆ ದಾರಿಯಲ್ಲಿ ಸಾಮಾನು ಬರುತ್ತದೋ ಇಲ್ಲವೋ, ದಾರಿ ಕಾಗದದ ಮೇಲಾದರೂ ಇರಬೇಕಿತ್ತು. ಅದೇ ಓಲಿ 2019ರ ಸೆಪ್ಟೆಂಬರ್‌ನಲ್ಲಿ ಮೋದಿಯವರ ಜೊತೆ ಮೋತಿಹಾರಿ–ಅಮ್ಲೇಖ್‌ಗಂಜ್ ಪೆಟ್ರೋಲಿಯಂ ಪೈಪ್‌ಲೈನ್ ಉದ್ಘಾಟಿಸಿದರು. 69 ಕಿಲೋಮೀಟರ್. ಜಾಲಿ ಕಡಿಸಿದ್ದೂ ಆಯಿತು, ಮದುವೆಗೆ ಹೋಗಿದ್ದೂ ಆಯಿತು. ಇದನ್ನು ಕೆಲವರು ಎರಡು ನಾಲಿಗೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಎರಡನ್ನೂ ಎಲ್ಲರ ಕಣ್ಣೆದುರಿಗೇ ಮಾಡಿದರು. ನಮ್ಮ ತರಗತಿಯ ನೇಪಾಳ ಮಾಡಿದ್ದು ಬೇರೆ, ಅದು ಗುಟ್ಟಾಗಿ ಎರಡು ಮಾತು ಕೊಟ್ಟಿತ್ತು.

ಮುಂದಿನ ವಾರ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋದೆ. ಹತ್ತಿರದಲ್ಲೇ ಇದೆ, ಎಲ್ಲರೂ ಹತ್ತಾರು ಸಲ ನೋಡಿದವರೇ. ಈ ಸಲ ಒನಕೆ ಓಬವ್ವನ ಕಿಂಡಿಗೆ ಮೊದಲು ಹೋಗಲಿಲ್ಲ. ಎಣ್ಣೆ ಕೊಳ, ಕಣಜ, ಮದ್ದು ಬೀಸುವ ಕಲ್ಲು, ಅಕ್ಕ ತಂಗಿ ಹೊಂಡ, ಹೀಗೆ ದಾಸ್ತಾನಿನ ಜಾಗಗಳನ್ನೇ ತೋರಿಸುತ್ತಾ ನಡೆದೆ. ಹೊಂಡದ ಮೆಟ್ಟಿಲ ಮೇಲೆ ಕೂತು ಮದಕರಿ ನಾಯಕರ ವಿಷಯ ಮಾತಾಡಿದೆವು. ಒಂದು ಕಡೆ ಮೈಸೂರಿನ ಹೈದರಾಲಿ, ಇನ್ನೊಂದು ಕಡೆ ಮರಾಠರು. 1763ರಲ್ಲಿ ಬಿದನೂರಿನ ಮೇಲೆ ಹೈದರ್ ಹೋದಾಗ ದುರ್ಗದ ಸೈನ್ಯ ಅವನ ಜೊತೆಗಿತ್ತು. 1777ರಲ್ಲಿ ಮರಾಠರೂ ನಿಜಾಮನೂ ಒಟ್ಟಾಗಿ ಹೈದರನ ಮೇಲೆ ಬಂದಾಗ ನಾಯಕರು ಹೈದರನಿಗೆ ಸೈನ್ಯ ಕಳಿಸದೆ ಕಾದು ನೋಡಿದರು. ಹೈದರ್ ದುರ್ಗಕ್ಕೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಕೋಟೆ ಬಗ್ಗಲಿಲ್ಲ. ಕೊನೆಗೆ ದೊಡ್ಡ ಮೊತ್ತದ ಕಾಣಿಕೆ ಕೊಟ್ಟು ರಾಜಿಯಾಯಿತು. ಮರಾಠರ ಕಾಟ ತಗ್ಗಿದ ಮೇಲೆ ಹೈದರ್ ಮತ್ತೆ ಬಂದ. 1779ರಲ್ಲಿ ಕೋಟೆ ಬಿತ್ತು.

ನಾಯಕರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ನನಗೆ ಕಾಣುವುದಿಷ್ಟು: ಹೈದರ್ ಹತ್ತಿರ ಇದ್ದ, ಮರಾಠರು ದೂರ ಇದ್ದರು. ದೂರದವರ ಸೈನ್ಯ ಬಂದರೂ ವಾಪಸ್ ಹೋಗುತ್ತದೆ. ಹತ್ತಿರದವನು ಎಲ್ಲಿಗೂ ಹೋಗುವುದಿಲ್ಲ. ಅಷ್ಟು ದಿನ ದುರ್ಗ ತಡೆದು ನಿಂತಿದ್ದು ಯಾರ ಸ್ನೇಹದಿಂದಲೂ ಅಲ್ಲ, ಏಳು ಸುತ್ತಿನ ಗೋಡೆ ಮತ್ತು ನಾವು ಕೂತಿದ್ದಂಥ ಹೊಂಡಗಳ ನೀರಿನಿಂದ.

ಮಿಕ್ಕ ದೇಶಗಳನ್ನು ಬೇಗ ಬೇಗ ಮುಗಿಸುತ್ತೇನೆ. ಫಿನ್‌ಲ್ಯಾಂಡ್ 1948ರಲ್ಲಿ ಸೋವಿಯತ್ ಜೊತೆ ಒಪ್ಪಂದ ಮಾಡಿಕೊಂಡು ದಶಕಗಟ್ಟಲೆ ಯಾರ ಕೂಟಕ್ಕೂ ಸೇರದೆ ಉಳಿಯಿತು. ತನ್ನ ಸೈನ್ಯವನ್ನು ಮಾತ್ರ ಬಿಡಲಿಲ್ಲ. 2023ರಲ್ಲಿ ಅಮೆರಿಕ ಮತ್ತು ಯುರೋಪಿನ ದೇಶಗಳ ಸೈನಿಕ ಕೂಟ ನ್ಯಾಟೋ ಸೇರಿತು. ವಿಯೆಟ್ನಾಂ ಅದೇ 2023ರಲ್ಲಿ ಸೆಪ್ಟೆಂಬರ್‌ಗೆ ಅಮೆರಿಕದ ಆಗಿನ ಅಧ್ಯಕ್ಷ ಬೈಡನ್‌ರನ್ನು, ಡಿಸೆಂಬರ್‌ಗೆ ಚೀನಾದ ಷಿ ಜಿನ್‌ಪಿಂಗ್‌ರನ್ನು ಮನೆಗೆ ಕರೆದು ಉಪಚರಿಸಿತು. ಮಕ್ಕಳಿಗೆ ಇದು ತಟ್ಟನೆ ಹಿಡಿಸುತ್ತದೆ.

ಹುಣಸೆಬೀಜದ ಆಟ ಈಗಲೂ ಪ್ರತಿ ವರ್ಷ ಇದೆ. ಎರಡು ನಿಯಮ ಮಾತ್ರ ಸೇರಿಸಿದ್ದೇನೆ. ಒಬ್ಬರಿಗೆ ಕೊಟ್ಟ ಮಾತನ್ನು ಬೋರ್ಡಿನ ಮೇಲೆ ಬರೆಯಬೇಕು, ಎಲ್ಲರಿಗೂ ಕಾಣಬೇಕು. ಬೀಜ ಕೂಡಿಡಲು ನೇಪಾಳಕ್ಕೆ ಒಂದು ಡಬ್ಬಿ ಕೊಡುತ್ತೇನೆ, ಆದರೆ ಅದನ್ನು ತುಂಬಬೇಕಾದರೆ ಪ್ರತಿ ಸುತ್ತೂ ಏನಾದರೊಂದು ಖರ್ಚು ಬಿಡಬೇಕು. ಈ ಸಲ ನೇಪಾಳದ ಗುಂಪಿನ ಹುಡುಗಿ ಆಟ ಶುರುವಾಗುವ ಮೊದಲೇ ಕೈ ಎತ್ತಿದಳು. "ಮೇಡಂ, ಡಬ್ಬೀಲಿ ಈಗ ಎಷ್ಟು ದಿನದ್ದು ಇದೆ?"